ಕೋಟೆ ಫಲಕದ ಮೂರನೇ ಸಾಲು

ಮಾನ್ಯ ಲಮಾರಾ ಅವರಿಗೆ,

ನಮ್ಮ ಉರ್ಮಾನಿ ಕೋಟೆಯ ಬಾಗಿಲಲ್ಲಿ ನೀವು ಬರೆದು ನಿಲ್ಲಿಸಿದ ಫಲಕದ ಮೂರನೇ ಸಾಲನ್ನು ಅಳಿಸಿರೆಂದು ಮತ್ತೆ ಕೇಳುತ್ತಿದ್ದೇನೆ. ‘ಶತ್ರುಗಳಿಗೆ ಬಾಗಿಲು ತೆರೆದವನು ಗೊದೆರ್ಜಿಶ್ವಿಲಿ ಮನೆತನದ ಕಾವಲುಗಾರ’ ಎಂಬ ಸಾಲು.

ಮೂರು ವರ್ಷದ ಹಿಂದೆ ಕೋಟೆಯ ಇತಿಹಾಸ ಕೇಳಿ ಬರೆದುಕೊಳ್ಳಲೆಂದು ಊರಿಗೆ ಬಂದ ನೀವು ನಮ್ಮ ದ್ರಾಕ್ಷಿ ಕೊಯ್ಲಿನ ಊಟಕ್ಕೂ ಬಂದಿದ್ದಿರಿ. ಊಟದ ಪಂಕ್ತಿ ನಡೆಸುವ ತಮಾದಾ ನಾನೇ, ವೈನ್ ತುಂಬಿದ ಕೊಂಬು ಎತ್ತಿದಾಗಲೆಲ್ಲ ಎದ್ದು ಮಾತಾಡುವುದು ನನ್ನ ಕೆಲಸ. ಕುಡಿದು ಖಾಲಿ ಮಾಡುವವರೆಗೆ ಯಾರೂ ಕೊಂಬನ್ನು ಕೈಬಿಡುವಂತಿಲ್ಲ. ನೆರೆಮನೆಯ ಗಿಗ್ಲಾ ಗೊದೆರ್ಜಿಶ್ವಿಲಿ ಅರ್ಧ ಕುಡಿದು ಪಕ್ಕದವನಿಗೆ ದಾಟಿಸಿದ.

“ಥೂ, ಒಂದು ಕೊಂಬು ಹಿಡ್ಕೊಳ್ಳೋಕಾಗ್ಲಿಲ್ವೇನೋ ನಿನ್ ಕೈಲಿ! ಶತ್ರುಗಳಿಗೆ ಈ ಕೋಟೆ ಬಾಗ್ಲು ತೆಗ್ದೋನೂ ನಿಮ್ಮನೆಯೋನೇ ಇರ್ಬೇಕು ಬಿಡು” ಎಂದೆ. ಎಲ್ಲರೂ ನಕ್ಕರು. ಗಿಗ್ಲಾನೂ ನಕ್ಕ. ನೀವು ಮಾತ್ರ ನಗದೆ ಬರೆದುಕೊಂಡಿರಿ.

ಫಲಕ ಬಂದ ಮೇಲೆ ಗಿಗ್ಲಾ ಯಾರ ಊಟಕ್ಕೂ ಬರಲಿಲ್ಲ. ಕಳೆದ ತಿಂಗಳು ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ನತೇಲಾ ಎಲ್ಲರಿಗೂ ಬಡಿಸಿದಳು. ನನ್ನೆದುರು ರೊಟ್ಟಿ ಇಟ್ಟಳು, ಲೋಟ ಇಡಲಿಲ್ಲ. ಸತ್ತವನ ಹೆಸರಿನಲ್ಲಿ ಒಂದು ಗುಟುಕು ಕುಡಿಯಲೂ ಬಿಡಲಿಲ್ಲ.

“ನೀನು ಮಾತಾಡಿದ್ದು ಸಾಕಪ್ಪ, ಉಂಡು ಹೋಗು” ಅಂದಳು.

ಆ ಸಾಲಿಗೆ ಊರ ಹಿರಿಯರೊಬ್ಬರ ಹೇಳಿಕೆಯೇ ಆಧಾರ, ಅದು ಸುಳ್ಳೆನ್ನಲು ಲಿಖಿತ ದಾಖಲೆ ಬೇಕು ಎಂದು ನನ್ನ ಹಿಂದಿನ ಪತ್ರಕ್ಕೆ ಉತ್ತರಿಸಿದ್ದೀರಿ. ಆ ಹಿರಿಯ ನಾನೇ, ತಾಯಿ. ದಾಖಲೆ ಈ ಪತ್ರ.

ಅಳಿಸಲು ನಿಮ್ಮ ಕಚೇರಿ ಒಪ್ಪದಿದ್ದರೆ ಬೇಡ. ಅವನ ಮನೆತನದ ಹೆಸರು ತೆಗೆದು ನನ್ನದನ್ನು ಕೆತ್ತಿಸಿ. ತಪ್ಪಾಗದಿರಲೆಂದು ಕೆಳಗೆ ಬಿಡಿಸಿ ಬರೆದಿದ್ದೇನೆ.

ಒತಿಯಾ ಬುರ್ದುಲಿ