ಹುಷಾರು ಹೇಳುವ ಕರೆ

ಬುಧವಾರ, ಮಾರ್ಚ್ ೧೨

ಮಗಳ ಸ್ಕೂಟರಿನ ಒಡೆದ ಕನ್ನಡಿ ಇನ್ನೂ ಮೇಜಿನ ಮೇಲೆಯೇ ಇದೆ. ಬೆಳಿಗ್ಗೆ ತಿರುವಿನಲ್ಲಿ ಫೋನ್ ಎತ್ತಲು ಹೋಗಿ, ನಿಂತಿದ್ದ ಲಾರಿಗೆ ಗಾಡಿ ಉಜ್ಜಿದ್ದಾಳೆ. ಮೊಣಕೈ ತರಚಿದೆ, ಸದ್ಯ ಅಷ್ಟೇ.

"ಓಡಿಸ್ತಾ ಫೋನ್ ಯಾಕೇ ಎತ್ತಿದೆ?" ಎಂದು ರೇಗಿದೆ.

"ಫೋನ್ ಮಾಡಿದ್ದು ನೀನೇ ಅಮ್ಮಾ. ಎತ್ತದಿದ್ರೆ ಊರೆಲ್ಲಾ ಒಂದು ಮಾಡ್ತೀಯಲ್ಲ!"

ಹೌದು, ಹುಷಾರಾಗಿ ಹೋಗು ಎನ್ನಲೆಂದೇ ಮಾಡಿದ್ದೆ. ದಿನವೂ ಅವಳು ಹೊರಟ ಹತ್ತು ನಿಮಿಷಕ್ಕೆ ಮಾಡುತ್ತೇನೆ. ಅದನ್ನೇ ಪ್ರೀತಿ ಅಂದುಕೊಂಡಿದ್ದೆ.

ಕವಿತೆಯ ಪುಸ್ತಕ ತೆರೆದು ಕೂತರೂ ಒಂದು ಸಾಲೂ ತಲೆಗೆ ಹೋಗುತ್ತಿಲ್ಲ. ಇನ್ನು ಮುಂದೆ ತಲುಪಿದ ಮೇಲೆ ಅವಳೇ ಫೋನ್ ಮಾಡುತ್ತಾಳಂತೆ. ಒಪ್ಪಿದ್ದೇನೆ. ಆದರೆ ಅವಳು ತಲುಪುವವರೆಗಿನ ನಲವತ್ತು ನಿಮಿಷ ಈ ಕೈಯನ್ನು ಹೇಗೆ ಕಟ್ಟಿಹಾಕಲಿ? ನನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗದ ಕೈ ಅವಳಿಗೇ ಕೊಟ್ಟು ಕಳಿಸಲೇ? ಹಾಗೆ ಮಾಡಿದರೆ, ತಲುಪಿದೆ ಎಂದು ಅವಳು ಫೋನ್ ಮಾಡಿದಾಗ ಎತ್ತುವವರು ಯಾರು?