ಹೊಸ್ತಿಲ ಮೇಲಿನ ಗ್ಲಾಸು

ಝೆಮೈತಿಯಾ ಸೀಮೆ, ವರ್ನಿಯಾಯ್ ಪಟ್ಟಣದ ಹತ್ತಿರದ ನಮ್ಮ ಹಳ್ಳಿ
೧೮೬೫, ಸಂತ ಮೈಕೇಲನ ಹಬ್ಬಕ್ಕೆ ಆರು ದಿನ ಮೊದಲು

ಐದು ವರ್ಷದಿಂದ ಮನೆ ಕಡೆ ಮುಖ ಹಾಕದ ದೊಮಿಂಕಾಸನಿಗೆ,

ಯೇಸುವಿಗೆ ಸ್ತೋತ್ರ. ನಿನಗೆ ಸಲ್ಲಬೇಕಾದ ಮರ್ಯಾದೆಯನ್ನು ಕಾಗದ ಮುಗಿಯುವಾಗ ನೋಡೋಣ.

ನಿನ್ನ ಪತ್ರ ಮುಟ್ಟಿತು. ನಮ್ಮ ಮಗಳು ಉರ್ಶುಲೆಯ ಮದುವೆಗೆ ನೀನು ದುಡಿಯುವ ಭಟ್ಟಿಯಿಂದಲೇ ಒಂದು ಪೀಪಾಯಿ ವೋಡ್ಕಾ ತರುತ್ತೀಯಂತೆ. ಚರ್ಚಿನ ಪಾನವಿರೋಧ ಸಂಘವನ್ನು ಹೆಂಡದ ತೆರಿಗೆ ಬತ್ತಿತೆಂದು ತ್ಸಾರನ ಸರ್ಕಾರವೇ ನಿಷೇಧಿಸಿರುವಾಗ ನಿನ್ನನ್ನು ತಡೆಯುವವರು ಯಾರು ಎಂದು ಕೇಳಿದ್ದೀಯ. ನಾನು. ಇನ್ನೂ ಗಟ್ಟಿಮುಟ್ಟಾಗಿಯೇ ಇದ್ದೇನೆ.

ನಿನ್ನೆ ಠಾಣೆಯ ಸಾರ್ಜೆಂಟ್ ಬಂದಿದ್ದ. ವಧೂವರರು ಚರ್ಚಿನಿಂದ ಬಂದಾಗ ಹೊಸ್ತಿಲಲ್ಲಿ ರೊಟ್ಟಿ, ಉಪ್ಪು, ಗ್ಲಾಸು ಹಿಡಿದು ನಿಲ್ಲುತ್ತೇವಲ್ಲ, ಆ ಗ್ಲಾಸನ್ನು ಮೂಸಿ ನೋಡಲು ತಾನೇ ಬರುತ್ತಾನಂತೆ.

"ಅದ್ರಲ್ಲಿ ನೀರಿದ್ರೆ ನಿಮ್ಮ ಸಂಘ ಇನ್ನೂ ಸತ್ತಿಲ್ಲ ಅಂತ ಬರ್ಕೋತೀನಿ. ನಿನ್ನನ್ನ ಒಳಗೆ ಹಾಕ್ತೀನಿ" ಎಂದ.

"ಬಾವಿಗೂ ಕೋಳ ಹಾಕಿ ಕರ್ಕೊಂಡು ಹೋಗಪ್ಪ, ನೀರು ಕೊಟ್ಟಿದ್ದು ಅದೇ" ಎಂದೆ. ಅವನಿಗೆ ನಗು ಬರಲಿಲ್ಲ. ನನಗಂತೂ ಹೊಟ್ಟೆ ತುಂಬ ಬಂತು.

ಅವನು ಹೋದ ಮೇಲೆ ಬೀಗಿತ್ತಿ ಬೆನಿಗ್ನಾ ಓಡಿ ಬಂದಳು. "ಒಂದು ಗುಟುಕಿಗೆ ಏನು ಮುಳುಗಿಹೋಗುತ್ತೆ ಅಗೋತಾ? ಮದುವೆ ದಿನ ಹುಡುಗಿಯ ಅಮ್ಮ ಸೆರೆಮನೇಲಿ ಇದ್ರೆ ನಮ್ಮ ಮಾನ ಏನಾಗ್ಬೇಕು?" ಎಂದು ಅತ್ತಳು. ಅವಳ ಹಿಂದೆಯೇ ಪಾದ್ರಿಗಳು ಬಂದರು. ಸಂಘ ನಡೆಸಿದ್ದಕ್ಕೆ ಮಠದ ಪಾದ್ರಿಯೊಬ್ಬರನ್ನು ಸರ್ಕಾರ ಗಡೀಪಾರು ಮಾಡಿದ ಮೇಲೆ ಅವರ ಧ್ವನಿ ಅಡಗಿಹೋಗಿದೆ, ಪಾಪ.

"ಗ್ಲಾಸಲ್ಲಿ ಒಂದು ತೊಟ್ಟು ಇರಲಿ ಬಿಡಮ್ಮ. ತುಟಿಗೆ ತಾಗಿಸಿದ್ರೆ ಸಾಕು, ದೇವರು ನೋಡ್ಕೋತಾನೆ" ಎಂದರು.

"ಒಂದು ತೊಟ್ಟಿಗೂ ನರಕ ಅಂತ ಹೇಳಿದ್ದು ನೀವೇ ಅಲ್ವಾ ಸ್ವಾಮೀ? ನರಕಕ್ಕೆ ಈಗ ರಜಾನಾ?" ಎಂದು ಕೇಳಿಬಿಟ್ಟೆ. ಅವರು ತಲೆ ತಗ್ಗಿಸಿಕೊಂಡು ಹೊರಟಾಗ ಬೇಲಿಯವರೆಗೂ ಜೊತೆಗೆ ನಡೆದೆ.

ನಾನು ಹಟಮಾರಿ ಎನ್ನುತ್ತೀಯ. ಹೌದು. ನಮ್ಮ ಮದುವೆಯ ದಿನ ನನ್ನಪ್ಪ ಅದೇ ಹೊಸ್ತಿಲಲ್ಲಿ ನಿಲ್ಲಲಾರದೆ, ಗ್ಲಾಸಿನ ಸಮೇತ ನನ್ನ ಮೇಲೆಯೇ ಕುಸಿದದ್ದು ಮರೆತೆಯಾ? ನೆಂಟರೆಲ್ಲ ನಕ್ಕರು. ನಾನು ಒದ್ದೆ ಬಟ್ಟೆಯಲ್ಲೇ ಊಟಕ್ಕೆ ಕುಳಿತೆ. ನನ್ನ ಮಗಳು ಹಾಗೆ ಕೂರಬಾರದು. ಅಷ್ಟೇ ನನ್ನ ಧರ್ಮ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಸಂಘದ ಆ ದಿನಗಳಲ್ಲಿ ಹೆಂಡದ ಗುತ್ತಿಗೆದಾರರು ಸಂತೆ ದಾರಿಯಲ್ಲಿ ಪುಕ್ಕಟೆ ಪೀಪಾಯಿ ಇಟ್ಟರೂ ನಮ್ಮೂರಿನ ಒಬ್ಬರೂ ಮುಟ್ಟಲಿಲ್ಲ, ನಿನ್ನನ್ನು ಬಿಟ್ಟು. ನೀನು ಒಂದು ಸೀಸೆ ತುಂಬಿಸಿ ಅಟ್ಟದ ಹುಲ್ಲಿನಲ್ಲಿ ಅಡಗಿಸಿಟ್ಟಿದ್ದೆ. ಭಾನುವಾರ ಪಾದ್ರಿಗಳು ಎಲ್ಲರೆದುರು ನಿನ್ನ ಹೆಸರು ಓದಿ, ಸಂಘದ ಪುಸ್ತಕದಲ್ಲಿ ಅದರ ಮೇಲೆ ಗೀಟು ಎಳೆದರು; ಅಂದೇ ನೀನು ಮನೆ ಬಿಟ್ಟು ಹೋದೆ. ಚಾಡಿ ಹೇಳಿದ್ದು ಪಕ್ಕದ ಮನೆಯ ಪೆತ್ರಾಸ್ ಎಂದು ನೀನು ಇಂದಿಗೂ ಅವನನ್ನು ಶಪಿಸುತ್ತೀಯ. ಅವನಲ್ಲ, ನಾನು. ಪಾದ್ರಿಗಳು ನಿನ್ನನ್ನು ಒಳಗೆ ಕರೆದು ಗದರಿಸುತ್ತಾರೆ ಎಂದುಕೊಂಡಿದ್ದೆ. ಊರೆದುರು ಬೆತ್ತಲು ಮಾಡುತ್ತಾರೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದೆನೋ ಏನೋ, ನನಗೇ ತಿಳಿಯದು.

ಪೀಪಾಯಿ ತರುವುದಾದರೆ ಬರಬೇಡ. ಗ್ಲಾಸಿನಲ್ಲಿ ನೀರೇ ಇರುತ್ತದೆ. ಸಾರ್ಜೆಂಟ್ ಬೇಕಾದರೆ ಮೂಸಲಿ, ಬಾಯಾರಿದ್ದರೆ ಕುಡಿಯಲಿ. ಮಗಳನ್ನು ಕಳಿಸಿಕೊಟ್ಟ ಮೇಲೆ ನಾನೇ ಶಾಲು ಹೊದ್ದು ಠಾಣೆಗೆ ನಡೆಯುತ್ತೇನೆ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ
ಅಗೋತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನೀನು ಮನೆ ಬಿಟ್ಟ ಆ ಭಾನುವಾರ ಅಟ್ಟ ಹತ್ತಿ, ಆ ಸೀಸೆಯಲ್ಲಿ ಉಳಿದದ್ದನ್ನೆಲ್ಲ ನಾನೇ ಕುಡಿದೆ. ನನ್ನ ಮೇಲೆ ಚಾಡಿ ಹೇಳಲು ಯಾರೂ ಇರಲಿಲ್ಲ. ಅದಕ್ಕೇ ನನ್ನ ಹೆಸರಿಗೆ ಕೊನೆಯತನಕ ಗೀಟು ಬೀಳಲಿಲ್ಲ. ಇವತ್ತು ಬೆಳಿಗ್ಗೆ ಉರ್ಶುಲೆಗೆ ಎಲ್ಲ ಹೇಳಿದೆ. ಅವಳು, "ಹಾಗಾದ್ರೆ ನೀನೂ ಕುಡಿದೋಳೇ, ಅಪ್ಪಾನೂ ಕುಡಿದೋನೇ. ಹೊಸ್ತಿಲಲ್ಲಿ ನೀನೊಬ್ಳೇ ಯಾಕೆ ನಿಲ್ತೀಯಾ?" ಎಂದಳು. ಗ್ಲಾಸು ನಾನು ಹಿಡಿಯುತ್ತೇನೆ, ಪಕ್ಕದಲ್ಲಿ ನಿಂತು ರೊಟ್ಟಿ ಹಿಡಿಯಲು ಒಬ್ಬರು ಬೇಕು. ಬರಿಗೈಲಿ ಬಾ.