ಪಕ್ಕದ ಸೀಟು

ಅಕ್ಕಾ,

ನಾನು ಕ್ಷೇಮ. ನೀನು ಮನೆಯಲ್ಲೇ ಇದ್ದೀಯ ತಾನೆ? ಕಾಟಾಚಾರಕ್ಕೆ ಕೇಳುತ್ತಿಲ್ಲ.

ಮಂಡಿನೋವೆಂದು ಕೊನೇ ಗಳಿಗೆಯಲ್ಲಿ ಈ ವಾರದ ಪ್ರವಾಸ ತಪ್ಪಿಸಿಕೊಂಡೆಯಲ್ಲ, ನನ್ನ ಪಕ್ಕದ ನಿನ್ನ ಸೀಟು ಖಾಲಿಯೇ ಉಳಿಯಿತು. ಬಸ್ಸು ಹೊರಡುವ ಮುಂಚೆ ಗೈಡು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾನೆ. ಮೊದಲ ದಿನ ಪಟ್ಟಿಯಲ್ಲಿ ಉಳಿದಿದ್ದ ನಿನ್ನ ಹೆಸರನ್ನೂ ಕೂಗಿದ. ನಾನು ತಮಾಷೆಗೆ ನಿನ್ನ ದನಿಯಲ್ಲಿ, "ಇದ್ದೀನಪ್ಪಾ, ಎಲ್ಲಿಗ್ ಹೋಗ್ಲಿ?" ಎಂದೆ. ಬಸ್ಸೆಲ್ಲ ನಕ್ಕಿತು. ಬಯಲಿನುದ್ದಕ್ಕೂ ನದಿ ಜೊತೆಯಲ್ಲೇ ಬರುತ್ತಿತ್ತು. ಆಮೇಲೆ ದಿನಾ ಅವನು ನಿನ್ನ ಹೆಸರು ಕೂಗುವುದು, ನಾನು ಉತ್ತರಿಸುವುದು, ಇದೇ ಆಟ.

ನಿನ್ನೆ ಬೆಟ್ಟದ ತುದಿಯಲ್ಲಿ ಇಳಿದೆವು. ಮಂಜಿನಲ್ಲಿ ಪಕ್ಕದವರ ಮುಖವೂ ಕಾಣುತ್ತಿರಲಿಲ್ಲ. ಗೈಡು ನಿನ್ನ ಹೆಸರು ಕೂಗಿದ. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗ್ಗುಲಿನಿಂದ ನಿನ್ನದೇ ದನಿಯಲ್ಲಿ ಉತ್ತರ ಬಂತು: "ಇದ್ದೀನಪ್ಪಾ."

ಇವತ್ತು ತಿಂಡಿಗೆ ಕೂತಾಗ ಹಿಂದಿನ ಸೀಟಿನ ಟೀಚರಮ್ಮ, "ನಿಮ್ಮಕ್ಕ ಮಂಡಿನೋವು ಅಂತಿದ್ರು, ಈಗ ಚೆನ್ನಾಗೇ ನಡೀತಾರಲ್ಲ," ಎಂದರು. ನಿನ್ನ ಮಂಡಿಯ ವಿಷಯ ನಾನು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ನಾಳೆ ವಾಪಸು ಹೊರಡುತ್ತೇವೆ. ಇವತ್ತೇ ಊರಿಗೆ ಹೋಗುತ್ತಿರುವ ಇನ್ನೊಂದು ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫ್ರಿಜ್ಜಿನಲ್ಲಿರುವ ಹಾಲು ಕೆಡುವ ಮುಂಚೆ ಬಳಸಿಬಿಡು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿರು. ಯಾರಾದರೂ ತಟ್ಟಿದರೆ, ಯಾರೆಂದು ಕೇಳು. ನನ್ನ ದನಿ ಬಂದರೆ ಮಾತ್ರ ತೆಗೆ.

ಹೊರಗಿನಿಂದ ನಿನ್ನದೇ ದನಿ ಬಂದರೆ, ಇವಳದು ಅದೇ ಹಳೇ ತಮಾಷೆ ಎಂದು ನಗುತ್ತಾ ತೆಗೆದುಬಿಡಬೇಡ. ನಾನು ಆ ಆಟ ಬಿಟ್ಟಿದ್ದೇನೆ.

ನಿನ್ನ ತಂಗಿ